ಪರಂಗಿ ಮುನಿಯಪ್ಪ

ಪರಂಗಿ ಮುನಿಯಪ್ಪನಿಗೆ ಹರಕೆ ತೀರಿಸುವುದೆಂದರೆ ಮೊದಲೆಲ್ಲ ಒಂದು ಕೋಳಿ, ಒಂದು ಹೊಗೆಸೊಪ್ಪಿನ ಸುರುಟು, ಅರ್ಧ ಸೀಸೆ ಸಾರಾಯಿ. ಯುದ್ಧ ಬಂದ ಮೇಲೆ ಸುರುಟಿನ ಬೆಲೆ ಎರಡರಷ್ಟಾಯಿತು. ಕೋಳಿಗೆ ದಂಡಿನವರು ಕೇಳಿದಷ್ಟು ಕೊಡುತ್ತಿದ್ದುದರಿಂದ ಅದು ದೇವರವರೆಗೆ ಬರುವುದೇ ಕಷ್ಟವಾಯಿತು. ಸಾರಾಯಿಯಂತೂ ಪಾನನಿಷೇಧದಿಂದ ಸೇಲಂ ಜಿಲ್ಲೆಯಲ್ಲೇ ನಿಂತುಹೋಗಿತ್ತು. ಅದರ ಬದಲು ಗೋಲಿ ಸೋಡಾ ಒಡೆದಿಡುತ್ತಿದ್ದರು. ದೇವರು ಮುನಿಸಿಕೊಳ್ಳಲಿಲ್ಲ.

"ಈಗ ಎದ್ದು ಹೋಗಾಕೂ ಒಪ್ಪವ್ನೆ," ಎಂದ ಪೂಜಾರಿ ಬಚ್ಚಪ್ಪ. "ನಿನ್ನೆ ಮೈಮ್ಯಾಲೆ ಬಂದು ಹೇಳ್ದ. ಕಳಸದಾಗೆ ಕರ್ಕೊಂಡೋಗಿ ಗುಡ್ಡದ ಮ್ಯಾಲೆ ಕೂರಿಸ್ತೀನಿ. ರಸ್ತೆ ಕಂಟ್ರಾಕ್ಟರು ಮಂಟಪ ಕಟ್ಟಿಸ್ಕೊಡ್ತಾನೆ."

"ಮಂಟಪ ನಿಂಗೆ. ನನ್ ಬಾವಿ ಗತಿ?" ಎಂದಳು ಅವನ ಅತ್ತಿಗೆ ಮುನಿರತ್ನಮ್ಮ.

ರಾಯಕೋಟೆಯಿಂದ ಕೃಷ್ಣಗಿರಿ ಕಡೆಗೆ ದಂಡಿನ ಲಾರಿಗಳಿಗಾಗಿ ರಸ್ತೆ ಅಗಲವಾಗುತ್ತಿತ್ತು. ಅಳತೆಯ ಗೂಟಗಳು ಮುನಿಯಪ್ಪನ ಕಲ್ಲಿನವರೆಗೆ ಬಂದು ನಿಂತಿದ್ದವು. ಕಲ್ಲಿನ ಬೆನ್ನಿಗೇ ಅವಳ ಬಾವಿ. ಗಂಡ ಸತ್ತ ಮೇಲೆ ಆ ನೀರಲ್ಲಿ ಬದನೆ, ಸೊಪ್ಪು ಬೆಳೆದೇ ಅವಳು ಉಣ್ಣುತ್ತಿದ್ದಳು. ಕಲ್ಲು ಎದ್ದರೆ ಬಾವಿ ಮುಚ್ಚಿದ ಹಾಗೆಯೇ.

ಮಾರನೆಯ ಬೆಳಿಗ್ಗೆ ರಸ್ತೆಯ ಇಂಗ್ಲಿಷ್ ದೊರೆ ಬಂದ. ಅವನ ಮಾತು ತಿಳಿಸಲು ಗುಮಾಸ್ತ ಶ್ಯಾಮಣ್ಣನೂ ಬಂದ. ಬಚ್ಚಪ್ಪ ಕಳಸ ಹಿಡಿದು ನಿಂತಿದ್ದ. ಮುನಿರತ್ನಮ್ಮ ಅಡ್ಡ ಬಂದಳು.

"ಇದು ದೇವ್ರಲ್ಲ ಸ್ವಾಮಿ. ಗೋರಿ."

"ಅತ್ಗೆ! ನಾಲ್ಗೆ ಬಿದ್ದೋದಾತು! ನಿಮ್ಮವ್ವ ಅವನ್ಗೆ ಹರ್ಸ್ಕೊಂಡು ನಿನ್ನ ಹೆತ್ತಿದ್ದು. ನಿನ್ ಹೆಸ್ರೇ ಅವನ್ದು!"

"ಬಂದಿದ್ದು ನಾನು ಅನುಭವಿಸ್ತೀನಿ, ಸುಮ್ಕಿರ್ಲಾ." ಅವಳು ಶ್ಯಾಮಣ್ಣನ ಕಡೆ ತಿರುಗಿದಳು. "ನಮ್ಮತ್ತೆ ಹೇಳ್ತಿದ್ರು. ಪುದುಚೇರಿಯಿಂದ ಬಂದ ಪರಂಗಿಯೋನಂತೆ. ಹೈದರನ ತಾವ ತೋಪಿನ ದಂಡಿಗೇ ಯಜಮಾನ ಆಗಿದ್ನಂತೆ. ಎಷ್ಟೋ ಕೋಟೆ ಗೆದ್ದೋನು, ಜ್ವರ ಗೆಲ್ಲಾಕಾಗ್ಲಿಲ್ಲ. ನಮ್ಮನೆ ಮುತ್ತಜ್ಜಿ ಮಜ್ಜಿಗೆ ಕುಡ್ಸಿದ್ಳಂತೆ. ಅವನ ಭಾಷೇಲಿ ಅವ್ವನ್ನ ಕರೀತಾ ಸತ್ನಂತೆ."

"ಅವನ ಭಾಷೆ ನಿಮ್ಮ ಮುತ್ತಜ್ಜಿಗೆ ಬರ್ತಿತ್ತೇನಮ್ಮ?"

"ಸಾಯೋರು ಯಾರ್ನ ಕರೀತಾರೆ ಅಂತ ತಿಳ್ಕಳಾಕೆ ಭಾಷೆ ಯಾಕೆ ಸ್ವಾಮಿ?"

ಶ್ಯಾಮಣ್ಣ ಇಂಗ್ಲಿಷಿನಲ್ಲಿ ಹೇಳಿದ. ದೊರೆ ಕಲ್ಲನ್ನು ಸುತ್ತಿ ಬಂದ. ದಂಡಿನವನ ಗೋರಿಯಾದರೆ ಮುಟ್ಟುವಂತಿಲ್ಲ, ಆದರೆ ಅಕ್ಷರವಿರಬೇಕಲ್ಲ ಎಂದ. ಊರಲ್ಲಿ ಯಾರೂ ಬರಿಯ ಕಲ್ಲನ್ನು ಕಂಡವರಿರಲಿಲ್ಲ. ತಲೆತಲಾಂತರದ ಎಣ್ಣೆ, ಕುಂಕುಮ ಮರದ ತೊಗಟೆಯಂತೆ ಕಟ್ಟಿಕೊಂಡಿತ್ತು. ಮುಟ್ಟಲು ಆಳುಗಳು ಹಿಂಜರಿದರು.

ಮುನಿರತ್ನಮ್ಮ ಸೊಂಟದ ಕುಡುಗೋಲು ತೆಗೆದಳು. ಮೇಲಿನಿಂದ ಕೆರೆಯತೊಡಗಿದಳು. ತಲೆಯ ಭಾಗದಲ್ಲಿ ಏನೂ ಇಲ್ಲ. ಎದೆಯ ಭಾಗದಲ್ಲೂ ಇಲ್ಲ. ಅಕ್ಷರ ಸಿಗದಿದ್ದರೆ ಬಾವಿಯೂ ಇಲ್ಲ, ದೇವರ ಮೈ ಕೆರೆದ ಪಾಪವೂ ತಪ್ಪದು. ಬಚ್ಚಪ್ಪ ಗಟ್ಟಿಯಾಗಿ, "ಸಾಕು ಬಿಡತ್ಗೆ," ಎಂದ. ಅವಳು ಬಿಡಲಿಲ್ಲ. ಕುಡುಗೋಲಿನ ತುದಿ ಒಂದು ಗೀರಿಗೆ ಸಿಕ್ಕಿಕೊಂಡಿತು.

ಅಲ್ಲೇ ಕೆರೆದಂತೆ ಅಕ್ಷರಗಳು ಕಂಡವು. ದೊರೆ ಮಂಡಿಯೂರಿ ಬೆರಳಾಡಿಸಿ ಓದಿದ.

"ಮುಸ್ಯೆ ರೊಬಿನೋ, ಕ್ಯಾಪ್ಟನ್. ಮೂವತ್ತೊಂದು ವಯಸ್ಸಂತೆ," ಎಂದ ಶ್ಯಾಮಣ್ಣ, ನಗು ತಡೆಯಲಾಗದೆ. "ಫ್ರೆಂಚರು ದೊಡ್ಡವರಿಗೆ ಮುಸ್ಯೆ ಅಂತಾರಮ್ಮ. ನೀವು ಮುನಿ ಮಾಡ್ಕೊಂಡುಬಿಟ್ಟಿದ್ದೀರಿ!"

ದೊರೆ ನಗಲಿಲ್ಲ. ಇವನು ನಮ್ಮವರ ಮೇಲೇ ತೋಪು ಹಾರಿಸಿದವನು ಎಂದ. ಆಮೇಲೆ ಗೂಟಗಳನ್ನು ಆಚೆ ಬದಿಯ ಬೀಳು ನೆಲಕ್ಕೆ ಸರಿಸಲು ಹೇಳಿದ.

ಗೋರಿಗೆ ಮುಳ್ಳುತಂತಿ ಬಂತು. ಮನುಷ್ಯನಿಗೆ ಯಾರು ಹರಕೆ ಹೊರುತ್ತಾರೆ? ಬಚ್ಚಪ್ಪ ಗುಡ್ಡದ ಮೇಲೆ ಬೇರೆ ಕಲ್ಲು ನಿಲ್ಲಿಸಿಕೊಂಡ. ಸುಗ್ಗಿ ಮುಗಿದ ಮೇಲೆ ಕೆಲಮಂಗಲದ ಹೆಂಗಸೊಬ್ಬಳು ಮಗುವಿನ ಮುಡಿ ಕೊಡಲು ಬಂದು, ಮುನಿಯಪ್ಪ ಎಲ್ಲಿ ಎಂದು ಕೇಳಿದಳು.

"ಇಲ್ಲಿಲ್ಲ ಕಣವ್ವ," ಎಂದು ಮುನಿರತ್ನಮ್ಮ ನೀರು ಸೇದಿ ಮಗುವಿಗೆ ಕುಡಿಸಿದಳು.

ಬಾವಿ ಉಳಿದಿತ್ತು. ಕಷ್ಟಕ್ಕೆ ಕರೆಯಲು ಅವಳಿಗೊಬ್ಬ ದೇವರು ಉಳಿದಿರಲಿಲ್ಲ.