ಅವರೆಕಾಳು ನೆನೆಸಿದ ನೀರು

ಗುರುಬಸಪ್ಪ ವಾಚಾಳಿ. ಇದನ್ನು ಅವನೇ ಒಪ್ಪಿಕೊಳ್ಳುತ್ತಿದ್ದ, ಅದೂ ಅರ್ಧ ಗಂಟೆ ಮಾತಾಡಿ. ಎಂಬತ್ತನಾಲ್ಕರ ಜನವರಿಯಲ್ಲಿ ಅವನ ಪ್ರಯೋಗಾಲಯದಲ್ಲಿ ಒಂದು ಪವಾಡ ನಡೆಯಿತು. ಅವರೆಕಾಳಿನಿಂದ ತೆಗೆದ ಪೆಪ್ಟೈಡು, ಎಂದರೆ ಪ್ರೋಟೀನಿನ ಸಣ್ಣ ತುಣುಕು, ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಕ್ಯಾನ್ಸರ್ ಜೀವಕೋಶಗಳನ್ನು ಒಂದೂ ಬಿಡದೆ ಕೊಂದಿತ್ತು. ಭಾನುವಾರವೇ ಜಯನಗರದಿಂದ ಬನಶಂಕರಿಯ ಅಕ್ಕನ ಮನೆಗೆ ಓಡಿದ.

"ಇನ್ನು ಹತ್ತು ವರ್ಷ ಅಷ್ಟೇ ಅಕ್ಕ, ಆಪರೇಷನ್ನೇ ಬೇಕಾಗಲ್ಲ ನೋಡ್ತಿರು," ಎಂದು ಕೊಚ್ಚಿಕೊಂಡ.

ಅಕ್ಕ ನೀಲಗಂಗಮ್ಮನ ಎದೆಯಲ್ಲಿ ಕ್ಯಾನ್ಸರ್ ಗಂಟಿತ್ತು; ಬುಧವಾರ ಆಪರೇಷನ್. ಅಂಥವಳ ಮುಂದೆ ಆಡುವ ಮಾತೇ ಅದು? ಆದರೆ ಗುರುಬಸಪ್ಪನಿಗೆ ಬುದ್ಧಿ ಯಾವಾಗಲೂ ನಾಲಿಗೆಯ ಹಿಂದಿನ ಬಸ್ಸಿಗೆ ಬರುತ್ತಿತ್ತು.

ಮಂಗಳವಾರ ಅವನು ಹೋಲಿಕೆಗೆಂದು ಪೆಪ್ಟೈಡ್ ಹಾಕದೆ ಇಟ್ಟಿದ್ದ ತಟ್ಟೆಗಳನ್ನು ನೋಡಿದ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅವನ್ನೇ. ಅಲ್ಲೂ ಎಲ್ಲ ಸತ್ತು ಬಿದ್ದಿದ್ದವು! ಸೋಪಿನ ಪುಡಿ ಮುಗಿದಿದೆಯೆಂದು ಮನೆಯಿಂದ ಅಂಟುವಾಳದ ಕಾಯಿ ತಂದು ತಟ್ಟೆ ತೊಳೆದವನು ಅವನೇ, ತನ್ನ ಜಾಣತನಕ್ಕೆ ಬೆನ್ನು ತಟ್ಟಿಕೊಂಡವನೂ ಅವನೇ. ನೊರೆ ಪೂರ್ತಿ ಹೋಗಿರಲಿಲ್ಲ. ಕೊಂದದ್ದು ಅವರೆಕಾಳಲ್ಲ, ರೇಷ್ಮೆ ಸೀರೆ ಒಗೆಯುವ ಅಂಟುವಾಳ.

ತನ್ನನ್ನು ತಾನೇ ಬೈದುಕೊಳ್ಳುತ್ತ ಸಂಜೆ ಅಕ್ಕನ ಮನೆಗೆ ಹೋದರೆ, ಅವಳು ಅವರೆಕಾಳು ನೆನೆಸಿದ ನೀರನ್ನು ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದಳು.

"ದಿನಕ್ಕೆ ಮೂರು ಸಲ ಕುಡೀತಿದೀನಿ ಕಣೋ. ನಾಳೆ ಬರಲ್ಲ ಅಂತ ಆಸ್ಪತ್ರೆಗೆ ಫೋನ್ ಮಾಡಿಸ್ದೆ."

ಅವನು ಲೋಟಕ್ಕೆ ಕೈ ಅಡ್ಡ ಹಿಡಿದ. "ಅಕ್ಕ, ಅದು ಔಷಧಿ ಅಲ್ಲ. ನಾನು ತಟ್ಟೆ ಸರಿಯಾಗಿ ತೊಳೀಲಿಲ್ಲ, ಅಷ್ಟೇ. ನಾನೊಬ್ಬ ಮುಠ್ಠಾಳ."

ಅವಳು ಲೋಟವನ್ನು ಕೆಳಗಿಟ್ಟಳು. "ನಂಗೆ ಗೊತ್ತಿಲ್ವೇನೋ? ನಿನ್ನ ಮಾತನ್ನ ಯಾವತ್ತು ನಂಬಿದೀನಿ? ಕತ್ತಿಗೆ ಹೆದರಿದ್ದೆ. ಆಪರೇಷನ್ ಬೇಡ ಅನ್ನೋಕೆ ಯಾರಾದ್ರೂ ಬೇಕಿತ್ತು, ನೀನು ಸಿಕ್ದೆ."

ಅವನು ಅತ್ತುಬಿಟ್ಟ. ಆಮೇಲೆ ಇಬ್ಬರೂ ಆಟೋ ಹಿಡಿದು ಆಸ್ಪತ್ರೆಗೆ ಹೋದರು. ಡಾಕ್ಟರು ಚೆನ್ನಾಗಿ ಬೈದು ಶುಕ್ರವಾರಕ್ಕೆ ಹೊಸ ದಿನ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಗುರುಬಸಪ್ಪ ಪಿಎಚ್.ಡಿ. ಪಡೆದಂದಿನ ಅಭ್ಯಾಸಬಲದಿಂದ ಡಾಕ್ಟರ್ ಗುರುಬಸಪ್ಪ ಎಂದೇ ರುಜು ಹಾಕಿದ. ನರ್ಸ್ ತಲೆಯೆತ್ತಿದಳು.

"ನೀವೂ ಡಾಕ್ಟರಾ ಸಾರ್?"

ಸ್ಟ್ರೆಚರ್ ಮೇಲೆ ಮಲಗಿದ್ದ ಅಕ್ಕ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನು ಹೆಸರಿನ ಮುಂದಿನ ಡಾಕ್ಟರ್ ಎಂಬುದನ್ನು ಹೊಡೆದುಹಾಕಿದ.

"ಅಲ್ಲ ಸಿಸ್ಟರ್. ಇವರ ತಮ್ಮ."