ಚಳಿಗೆ ಮೊದಲು ಮುರಿದ ಕುಡಿ

ನವೆಂಬರ್ ತಿಂಗಳಲ್ಲಿ ನನ್ನ ಅಮ್ಮನ ಕೈಗಳಿಂದ ಸೂಜಿಯೆಲೆಯ ಫರ್ ಮರದ ಅಂಟಿನ ಮತ್ತು ಹಂದಿಕೊಬ್ಬಿನ ವಾಸನೆ ಬರುತ್ತಿತ್ತು. ಆ ಅಂಟು ಸೋಪಿಗೆ ಬಗ್ಗುವುದಿಲ್ಲ. ಕೊಬ್ಬು ಹಚ್ಚಿ ತಿಕ್ಕಿ ಹಳೇ ಬಟ್ಟೆಯಲ್ಲಿ ಒರೆಸಬೇಕು. ಎಷ್ಟು ಒರೆಸಿದರೂ ಬೆರಳ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಆ ಕೈಯಲ್ಲೇ ಅಮ್ಮ ನಮಗೆ ಜಡೆ ಹಾಕುತ್ತಿದ್ದಳು. ಕ್ರಿಸ್‌ಮಸ್ ಮುಗಿಯುವವರೆಗೂ ನಮ್ಮ ತರಗತಿಯ ಹುಡುಗಿಯರೆಲ್ಲ ಆಗಷ್ಟೇ ಕಾಡಿನಿಂದ ಎದ್ದು ಬಂದವರ ಹಾಗೆ ಇರುತ್ತಿದ್ದೆವು.

ಅಮೆರಿಕದ ಮೇನ್ ರಾಜ್ಯದ ಈ ಪೂರ್ವದ ಅಂಚಿನಲ್ಲಿ ಆಗ ಮನೆಮನೆಯಲ್ಲೂ ಹೆಂಗಸರು ಕ್ರಿಸ್‌ಮಸ್ಸಿಗೆ ಬಾಗಿಲಿಗೆ ತೂಗುಹಾಕುವ ಹಾರ ಕಟ್ಟುತ್ತಿದ್ದರು. ತಂತಿಯ ಬಳೆಗೆ ಫರ್ ಕುಡಿಗಳನ್ನು ಸುತ್ತಿ ಸುತ್ತಿ ಬಿಗಿದು, ಕೊನೆಗೊಂದು ಕೆಂಪು ಬಟ್ಟೆಪಟ್ಟಿ ಕಟ್ಟಿದರೆ ಹಾರವಾಯಿತು. ಈಗ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಕಾರ್ಖಾನೆಗಳಿವೆ. ನಮ್ಮ ರಸ್ತೆಯಲ್ಲಿ ಮನೆಯಲ್ಲೇ ಕೂತು ಕಟ್ಟಿ, ಇಂಟರ್‌ನೆಟ್ಟಿನ ಅಂಗಡಿಯಲ್ಲಿ ತಾನೇ ಮಾರುತ್ತಿದ್ದವಳು ಮಾರ್ಲಾ ಒಬ್ಬಳೇ. ಅವಳ ಮನೆ ನನ್ನ ಮನೆಯ ಎದುರಿಗೆ.

ಮಾರ್ಲಾಳಿಗೆ ಬೇರೆ ದಾರಿ ಇರಲಿಲ್ಲ ಎನ್ನಬೇಕು. ಮಗಳು ಡೀಲಿಯಾ ಹುಟ್ಟುವಾಗಲೇ ಉಸಿರು ಸಿಕ್ಕಿಕೊಂಡ ಮಗು. ಒಂಬತ್ತು ವರ್ಷವಾದರೂ ನಡೆಯಲಾರಳು, ಕುತ್ತಿಗೆ ನಿಲ್ಲದು, ಮಾತಿಲ್ಲ. ಆಗಾಗ ಸೆಳವು ಬರುತ್ತದೆ. ಅವಳನ್ನು ನೋಡಿಕೊಳ್ಳಲು ಸರ್ಕಾರ ಒಬ್ಬ ಆಯಾಳನ್ನು ಮಂಜೂರು ಮಾಡಿತ್ತು, ಆದರೆ ಅಷ್ಟು ದೂರದ ಈ ಕಡಲಂಚಿಗೆ ಬರುವ ಆಯಾ ಸಿಗಲಿಲ್ಲ. ಡೀಲಿಯಾಳ ಅಪ್ಪ ದಕ್ಷಿಣಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಹಾರ ನಿಂತರೆ ಮಾರ್ಲಾ ಹೊರಗೆ ದುಡಿಯಲು ಹೋಗಬೇಕು. ಹೊರಗೆ ಹೋದರೆ ಮಗಳನ್ನು ಬ್ಯಾಂಗೋರ್‌ನ ಇಂಥ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ ಬಿಡಬೇಕು. ಅಲ್ಲಿ ಒಂದು ಮಂಚ ಖಾಲಿ ಇದೆ ಎಂದು ಸರ್ಕಾರಿ ಕಚೇರಿಯವರು ವರ್ಷ ವರ್ಷ ನೆನಪಿಸುತ್ತಿದ್ದರು. ಮಾರ್ಲಾ ವರ್ಷ ವರ್ಷ ಹಾರ ಕಟ್ಟುತ್ತಿದ್ದಳು.

ಹಾರಕ್ಕೆ ಕಟ್ಟುವ ಬಣ್ಣದ ಪಟ್ಟಿಯನ್ನು ಆರಿಸುವವಳು ಡೀಲಿಯಾ. ಮಾರ್ಲಾ ಎರಡು ಪಟ್ಟಿಗಳನ್ನು ಅವಳ ಮುಂದೆ ಹಿಡಿಯುವಳು; ಮಗುವಿನ ಕಣ್ಣು ನಿಧಾನವಾಗಿ ಹೊರಳಿ ಒಂದರ ಮೇಲೆ ನಿಲ್ಲುವುದು. "ಆಯ್ತಮ್ಮ ಯಜಮಾನಿ, ಹಳದಿನೇ ಆಗ್ಲಿ" ಎಂದು ಮಾರ್ಲಾ ಕಟ್ಟುವಳು. ಇದನ್ನು ನಿನ್ನ ಅಂಗಡಿಯ ಪುಟದಲ್ಲಿ ಬರೆಯಬಾರದೇ, ಜನ ಮೆಚ್ಚುತ್ತಾರೆ ಎಂದು ನಾನೊಮ್ಮೆ ಹೇಳಿದ್ದೆ.

"ಬೇಡ ಎನಿಡ್ ಆಂಟಿ. ಜನ ಹಾರ ನೋಡಿ ಹಾರ ತಗೊಳ್ಳಲಿ. ನನ್ ಮಗಳನ್ನ ನೋಡಿ ಬೇಡ."

ಆ ವರ್ಷ ಡೀಲಿಯಾಳ ಸೊಂಟದ ಕೀಲು ಜಾರಿತು. ಬಟ್ಟೆ ಬದಲಿಸಲು ಕಾಲೆತ್ತಿದರೆ ಸಾಕು, ಮಗು ಕಿರುಚುತ್ತಿದ್ದಳು. ಆ ಕೂಗು ನನ್ನ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಕ್ಟೋಬರ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ನ ಆಸ್ಪತ್ರೆಯಿಂದ ಕರೆ ಬಂತು. ನವೆಂಬರ್ ಮೊದಲ ವಾರ ಆಪರೇಷನ್ ಮಾಡಬಹುದು, ತಪ್ಪಿದರೆ ವಸಂತಕ್ಕೆ. ಆಮೇಲೆ ಎದೆಯಿಂದ ಪಾದದವರೆಗೆ ಪ್ಲಾಸ್ಟರ್, ಹಗಲೂ ರಾತ್ರಿ ಮಗ್ಗುಲು ಬದಲಿಸುತ್ತಿರಬೇಕು. ಹಾರಗಳೆಲ್ಲ ನವೆಂಬರ್ ಕೊನೆಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್‌ಗೆ ತಲುಪುತ್ತವೆಂದು ಮಾರ್ಲಾ ಕೊಂಡವರಿಗೆ ಮಾತು ಕೊಟ್ಟಾಗಿತ್ತು. ಕಟ್ಟುವುದಿದ್ದರೆ ಆಸ್ಪತ್ರೆಗೆ ಹೋಗುವುದರೊಳಗೆ ಕಟ್ಟಿ ಮುಗಿಸಬೇಕು.

ಆದರೆ ಚಳಿ ಬಂದಿರಲಿಲ್ಲ.

ಮೂರು ರಾತ್ರಿ ನೆಲ ಬಿಗಿಯಾಗಿ ಹೆಪ್ಪುಗಟ್ಟಿದ ಮೇಲೆಯೇ ಕುಡಿ ಮುರಿಯಬೇಕು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆ ಚಳಿಯೇ ಸೂಜಿಯೆಲೆಗಳನ್ನು ಕಡ್ಡಿಗೆ ಬಿಗಿಯುವುದು. ಅದಕ್ಕೆ ಮೊದಲು ಮುರಿದರೂ ಹಾರ ಹಸಿರಾಗಿಯೇ ಕಾಣುತ್ತದೆ. ಯಾರದೋ ಬಾಗಿಲಿಗೆ ಹೋದ ಮೇಲೆ ಬೋಳಾಗುತ್ತದೆ. ಆ ಅಕ್ಟೋಬರ್‌ನಲ್ಲಿ ನನ್ನ ಅಂಗಳದ ಸೇವಂತಿಗೆ ಇನ್ನೂ ಅರಳುತ್ತಿತ್ತು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಮಾರ್ಲಾಳ ಸೋದರಮಾವ ವರ್ನನ್ ಏಡಿ ಹಿಡಿಯುವ ದೋಣಿ ಇಟ್ಟುಕೊಂಡವನು, ಅರವತ್ತು ದಾಟಿದವನು. ಫರ್ ಮರಗಳಿದ್ದ ಕಾಡು ಅವನದೇ. ಅವಳು ಕೈಗವಸು ಹಾಕಿಕೊಂಡು ಹೊರಟದ್ದು ಕಂಡು ಅಂಗಳದಲ್ಲೇ ಅಡ್ಡ ನಿಂತ.

"ಎಲ್ಲಿಗೇ ಸವಾರಿ? ಅಂಗಿ ಬಿಚ್ಚಿ ಈಜೋ ಹಾಗಿದೆ ಹವಾ, ನೀನು ಕುಡಿ ಮುರಿಯಕ್ಕೆ ಹೊರಟ್ಯಾ?"

"ದಾರಿ ಬಿಡು ಮಾವ."

"ನಿಮ್ಮಜ್ಜಿ ಇದ್ದಿದ್ರೆ ಬೆನ್ನಿಗೆ ಬಾರಿಸೋಳು. ಉದುರಿ ಹೋಗುತ್ತೆ ಕಣೇ. ಕೋಳಿ ಪುಕ್ಕ ಕಿತ್ತಂಗೆ ಉದುರುತ್ತೆ."

"ನಂಗೊತ್ತಿಲ್ವಾ? ನಿನಗಿಂತ ಚೆನ್ನಾಗಿ ಗೊತ್ತು. ಹಾಗಾದ್ರೆ ಚಳಿ ತಂದುಕೊಡು ನೋಡೋಣ! ನಿನ್ ದೋಣೀಲಿ ಹಾಕ್ಕೊಂಡು ಬಾ."

"ಈ ವರ್ಷ ಆಗಲ್ಲ ಅಂತ ಜನಕ್ಕೆ ಹೇಳ್ಬಿಡು."

"ಹೇಳ್ತೀನಿ. ಮುಂದಿನ ವರ್ಷ ಅವರು ಬೇರೆ ಕಡೆ ತಗೊಂಡಿರ್ತಾರೆ. ಆಮೇಲೆ ನನ್ ಮಗಳನ್ನ ಬ್ಯಾಂಗೋರ್‌ಗೆ ಬಿಟ್ಟುಬರಕ್ಕೆ ನೀನೇ ಬರ್ತೀಯಾ ಜೊತೆಗೆ?"

ವರ್ನನ್ ದಾರಿ ಬಿಟ್ಟ. ನಾನು ಡೀಲಿಯಾಳ ಪಕ್ಕ ಕೂತೆ. ಎಪ್ಪತ್ತೆಂಟರ ನನ್ನ ಮಂಡಿಗಳಿಂದ ಆಗುವ ಸಹಾಯ ಅಷ್ಟೇ.

ಚಳಿ ಹಿಡಿದ ಕುಡಿ ಬಗ್ಗಿಸಿದೊಡನೆ ಪಟ್ಟನೆ ಮುರಿಯುತ್ತದೆ. ಹಿಡಿಯದ್ದು ಬಗ್ಗುತ್ತದೆ, ಸಿಪ್ಪೆ ಎಳೆದುಕೊಂಡು ಜೋಲುತ್ತದೆ. ಮಧ್ಯಾಹ್ನ ಅವಳು ಬೆನ್ನ ಮೇಲೆ ಹೊರೆ ಹೊತ್ತು ಬಂದಳು. ಹೊರೆ ಇಳಿಸಿದಳು. ಅವಳೇ ಹೇಳಿದಳು.

"ಒಂದೂ ಪಟ್ ಅನ್ಲಿಲ್ಲ ಆಂಟಿ."

ಆದರೂ ಅವಳು ಮತ್ತೆ ಹೋದಳು. ಮರುದಿನವೂ ಹೋದಳು.

ಕಟ್ಟಿದ ಹಾರಗಳನ್ನು ಹಿತ್ತಲ ಕೊಟ್ಟಿಗೆಯಲ್ಲಿ ಪೇರಿಸಿ, ತಣ್ಣಗಿರಲೆಂದು ನೀರು ಚಿಮುಕಿಸುತ್ತಿದ್ದಳು. ಒಂದು ಬೆಳಗ್ಗೆ ನೋಡಿದರೆ ಕೊಟ್ಟಿಗೆಯ ಗೋಡೆಯುದ್ದಕ್ಕೂ ಮೀನಿನ ಪೆಟ್ಟಿಗೆಗಳು, ಅವುಗಳ ತುಂಬ ಪುಡಿ ಮಂಜುಗಡ್ಡೆ. ವರ್ನನ್ ದಕ್ಕೆಯಿಂದ ತಂದು ಇಳಿಸಿ, ಬಾಗಿಲು ತಟ್ಟದೆ ಹೋಗಿದ್ದ. ಆಸ್ಪತ್ರೆಗೆ ಹೊರಡುವ ದಿನದವರೆಗೂ ಪ್ರತಿ ಬೆಳಗ್ಗೆ ಹೊಸ ಗಡ್ಡೆ ಬರುತ್ತಿತ್ತು. ಅಂಗಳದಲ್ಲಿ ಎದುರಾದರೆ ಮಾತ್ರ ಅವನು, "ಹಾರಕ್ಕೆ ಏಡಿ ವಾಸನೆ ಬಂದ್ರೆ ನನ್ನ ಬೈಬೇಡ" ಎನ್ನುತ್ತಿದ್ದ.

ಹಾರಗಳು ಸಕಾಲಕ್ಕೆ ಹೋದವು. ಆಪರೇಷನ್ ಚೆನ್ನಾಗಿ ಆಯಿತು. ಡೀಲಿಯಾ ಪ್ಲಾಸ್ಟರಿನಲ್ಲಿ ಮನೆಗೆ ಬಂದಳು. ವಾರ ಕಳೆಯುವಷ್ಟರಲ್ಲಿ ಕಾಲು ಮುಟ್ಟಿದರೆ ಕೂಗುವುದು ನಿಂತಿತು. ನನ್ನ ಅಡುಗೆಮನೆಯಲ್ಲಿ ಮತ್ತೆ ಗಡಿಯಾರದ ಸದ್ದು ಕೇಳಿಸಿತು.

ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ಫೋಟೋಗಳು ಬರತೊಡಗಿದವು.

ಮಾರ್ಲಾ ಫೋನನ್ನು ಮೇಜಿನ ಮೇಲಿಟ್ಟು ನನ್ನತ್ತ ತಿರುಗಿಸಿದಳು. ಯಾರದೋ ಬಿಳಿ ಬಾಗಿಲು, ಅದರ ಕೆಳಗೆ ಚಾಪೆಯ ತುಂಬ ಹಸಿರು ಸೂಜಿಯೆಲೆ, ಬಾಗಿಲಿನಲ್ಲಿ ಕಡ್ಡಿ ಮತ್ತು ತಂತಿ. ಓಹಾಯೋದ ಒಬ್ಬರು, ವರ್ಜೀನಿಯಾದ ಒಬ್ಬರು. ಒಬ್ಬಾಕೆ ಅಮ್ಮನ ಸಮಾಧಿಗೆಂದು ತರಿಸಿದ್ದಳಂತೆ. "ಆರು ವರ್ಷದಿಂದ ನಿಮ್ಮ ಹತ್ತಿರವೇ ಕೊಳ್ಳುತ್ತಿದ್ದೆ. ನಿಮಗೆ ನಾಚಿಕೆಯಾಗಬೇಕು" ಎಂದು ಬರೆದಿದ್ದಳು.

"ನಾಚಿಕೆ ಆಗ್ತಿದೆ" ಎಂದಳು ಮಾರ್ಲಾ, ಆ ಹೆಂಗಸು ಎದುರಿಗೇ ಇದ್ದ ಹಾಗೆ.

ವರ್ನನ್ ಒಲೆಯ ಬಳಿ ನಿಂತು ಕೈ ಕಾಯಿಸುತ್ತಿದ್ದ. "ನಿಜ ಬರಿಯೇ. ಮಗು ಆಪರೇಷನ್ ಇತ್ತು, ಕಾಯಕ್ಕೆ ಆಗ್ಲಿಲ್ಲ ಅಂತ. ಇವಳ ಒಂದು ಫೋಟೋ ಹಾಕು, ಪ್ಲಾಸ್ಟರ್ ಸಮೇತ. ಯಾರೂ ಬಾಯಿ ಬಿಡಲ್ಲ ಆಮೇಲೆ. ಎನಿಡ್ ಮೇಡಮ್, ನೀವಾದ್ರೂ ಹೇಳಿ, ಕಾಲೇಜು ಓದಿದೋರು."

ನಾನೂ ಹೇಳಿದೆ. ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಮಾರ್ಲಾ ಮಗಳ ಮಗ್ಗುಲು ಬದಲಿಸಿ, ದಿಂಬು ಸರಿಪಡಿಸಿ, ಆಮೇಲೆ ನಮ್ಮತ್ತ ತಿರುಗಿದಳು. "ಹಾರ ಕೆಟ್ಟಿದ್ದು ನನ್ ಕೈಯಿಂದ. ಅದನ್ನ ಇವಳ ತಲೆಗೆ ಕಟ್ಟಲಾ? ಅಪರಿಚಿತರ ಮುಂದೆ ಇವಳನ್ನ ಹೀಗೆ ಮಲಗಿಸಿ ತೋರಿಸಲಾ? ಇವಳಿಗೆ ಬೇಡ ಅನ್ನೋಕೂ ಬಾಯಿಲ್ಲ ಮಾವ."

ವರ್ನನ್ ಬಾಗಿ ಒಲೆಗೆ ಇನ್ನೊಂದು ಕೊರಡು ಹಾಕಿದ.

ಚಳಿ ಆ ವಾರವೇ ಬಂತು, ತಡವಾಗಿ ಬಂದ ನೆಂಟನ ಹಾಗೆ, ಪೂರ್ತಿ ಜೋರಿನಿಂದ. ಮಾರ್ಲಾ ದೂರು ಹೇಳಿದವರಿಗೆಲ್ಲ ಹೊಸ ಹಾರ ಕಳಿಸುತ್ತೇನೆಂದು ಬರೆದಳು. ವರ್ನನ್ ಬಲೆ ಎತ್ತುವುದು ಬಿಟ್ಟು ಕುಡಿ ತಂದು ಸುರಿದ. ನಾನು ಕುಡಿಗಳನ್ನು ಕಟ್ಟುಕಟ್ಟಾಗಿ ಜೋಡಿಸಿಕೊಟ್ಟೆ. ಅವಳು ಮಗಳ ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಟ್ಟಿದಳು. ಮಗ್ಗುಲು ಬದಲಿಸುವ ಹೊತ್ತಾದಾಗ ಎದ್ದು, ಕೈಗೆ ಕೊಬ್ಬು ತಿಕ್ಕಿ ಅಂಟು ತೆಗೆದು, ಮಗುವನ್ನು ಮುಟ್ಟಿ, ಮತ್ತೆ ಬಂದು ಕೂರುವಳು.

ಒಂದು ದಿನ ಫೋನ್ ನೋಡುತ್ತ ಅವಳ ಮುಖ ಬದಲಾಯಿತು. ಇನ್ನೊಂದು ಬೈಗುಳ ಎಂದುಕೊಂಡೆ. ವರ್ಮಾಂಟ್‌ನ ಒಬ್ಬ ಮುದುಕಿ ಬರೆದಿದ್ದಳು: ಎಲೆಯೆಲ್ಲ ಉದುರಿತು, ತಂತಿಯ ಬಳೆಗೆ ನಾನೇ ಕೆಂಪು ಉಲ್ಲನ್ ಸುತ್ತಿ ತೂಗುಹಾಕಿದ್ದೇನೆ, ಚೆನ್ನಾಗಿಯೇ ಕಾಣುತ್ತದೆ, ನನಗೆ ಇನ್ನೊಂದು ಕಳಿಸುವ ಶ್ರಮ ಬೇಡ, ನಿಮ್ಮ ಮನೆಯಲ್ಲಿ ಎಲ್ಲ ಕ್ಷೇಮವಷ್ಟೆ? ಬೈದವರ ಮುಂದೆ ಅಳದ ಮಾರ್ಲಾ ಆಗ ಅತ್ತಳು. ಆ ಮುದುಕಿಗೆ ಎಲ್ಲರಿಗಿಂತ ದಟ್ಟವಾದ ಹಾರ ಹೋಯಿತು.

ಆದರೆ ಇಂಟರ್‌ನೆಟ್ಟಿನ ಅಂಗಡಿಯವರು ದೂರು ಎಣಿಸುತ್ತಾರೆಯೇ ಹೊರತು ಆಮೇಲೆ ಕಳಿಸಿದ ಹಾರಗಳನ್ನಲ್ಲ. ಕ್ರಿಸ್‌ಮಸ್‌ಗೆ ಮೊದಲೇ ಅವರು ಅವಳ ಪುಟ ಮುಚ್ಚಿದರು. ಮರಳಿ ತೆರೆಯಲು ಮಾಡಿದ ಮನವಿಗೆ ಯಂತ್ರದ ಉತ್ತರ ಬಂತು. ಊರ ಚರ್ಚಿನ ಬಾಗಿಲಿಗೆ, ಅಂಚೆ ಕಚೇರಿಗೆ, ವೈದ್ಯರ ಮನೆಗೆ ಜನ ಅವಳಿಂದಲೇ ಹಾರ ಕೊಂಡರು. ನಮ್ಮದು ಸಣ್ಣ ಊರು, ಬಾಗಿಲುಗಳು ಕಡಿಮೆ.

ಮಾರ್ಲಾ ಏಡಿ ಬಿಡಿಸುವ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಪಾಳಿ ಬೆಳಕು ಹರಿಯುವ ಮುಂಚೆ ಶುರು. ಹಗಲು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದು, "ಆಂಟಿ, ಅವಳನ್ನ ಎತ್ತಬೇಕಲ್ಲ" ಎಂದಳು ಅಷ್ಟೇ. ಪ್ಲಾಸ್ಟರ್ ತೆಗೆದ ಮೇಲೆ ನಾನೊಮ್ಮೆ ಎತ್ತಲು ನೋಡಿದ್ದು ಅವಳಿಗೆ ಗೊತ್ತಿತ್ತು. ಅದಾದ ಮೇಲೆ ನಾನು ಎರಡು ದಿನ ಮಲಗಿದ್ದೂ ಗೊತ್ತಿತ್ತು.

ಬ್ಯಾಂಗೋರ್‌ನಲ್ಲಿ ಆ ಮಂಚ ಇನ್ನೂ ಖಾಲಿ ಇತ್ತು. ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರ ಮನೆಗೆ ಎಂದು ಮಾತಾಯಿತು.

ಜನವರಿಯ ಒಂದು ಸೋಮವಾರ ವ್ಯಾನು ಬಂತು. ಹಿಂದಿನ ದಿನವೇ ವರ್ನನ್ ಅಂಗಳದ ಹಿಮ ಎಳೆದು, ಗಾಲಿಕುರ್ಚಿ ಜಾರದಂತೆ ಬೂದಿ ಎರಚಿದ್ದ. ಅವನು ಡೀಲಿಯಾಳ ಟೋಪಿ ಕಿವಿಯ ಮೇಲೆ ಎಳೆದು, "ಅಲ್ಲಿ ಯಾರಾದ್ರೂ ತಂಟೆ ಮಾಡಿದ್ರೆ ಹೇಳು, ಏಡಿ ಬಿಡ್ತೀನಿ ಅವರ ಹಾಸಿಗೇಲಿ" ಎಂದ. ಮಗು ಅವನನ್ನು ನೋಡುತ್ತಲೇ ಇದ್ದಳು. ಅವನು ಸರಸರನೆ ತನ್ನ ಟ್ರಕ್ಕಿನ ಕಡೆ ನಡೆದ.

ವ್ಯಾನಿನ ಜೊತೆ ಬಂದ ದಾದಿಯ ಹೆಸರು ಜಾನಿಸ್. ಐವತ್ತರ ಹೆಂಗಸು, ಹೆಚ್ಚು ಮಾತಿಲ್ಲ. ಅವಳು ಕುರ್ಚಿಯ ಪಟ್ಟಿಗಳನ್ನು ಬಿಗಿದಳು. ಒಂದು ಪಟ್ಟಿ ಸೊಂಟದ ಗಾಯದ ಮೇಲೆ ಬಂದದ್ದನ್ನು ತಾನಾಗಿಯೇ ಕಂಡು, ಬಿಚ್ಚಿ, ಕೆಳಗೆ ಹಾಕಿದಳು. ಅದನ್ನು ಮಾರ್ಲಾಳೂ ನೋಡಿದಳು.

ಮಾರ್ಲಾ ಒಳಗೆ ಹೋಗಿ ಟವೆಲಿನಲ್ಲಿ ಸುತ್ತಿದ ಒಂದು ಬಿಸಿ ಡಬ್ಬಿ ತಂದಳು. ಮುಳ್ಳು ತೆಗೆದ ಹ್ಯಾಡಕ್ ಮೀನು, ಆಲೂಗೆಡ್ಡೆ, ಹಾಲು, ಎಲ್ಲ ನುಣ್ಣಗೆ ಅರೆದದ್ದು. ಮೇಲೆ ಒಂದು ಸಣ್ಣ ಚಮಚ. ಹೇಗೆ ತಿನ್ನಿಸಬೇಕು, ಯಾವ ಕಡೆ ತಲೆ ಹಿಡಿಯಬೇಕು, ನುಂಗಿದ್ದು ಹೇಗೆ ಗೊತ್ತಾಗುತ್ತದೆ, ಎಲ್ಲ ಹೇಳಬೇಕೆಂದು ಬಾಯಿ ತೆರೆದಳು. ಕೊನೆಗೆ ಡಬ್ಬಿಯನ್ನಷ್ಟೇ ಮುಂದೆ ಚಾಚಿದಳು.

ಜಾನಿಸ್ ಕೈಗವಸು ಕಳಚಿ, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.