ಮೂರನೆಯ ತಟ್ಟೆ

ಭಾನುವಾರ ಬಂತೆಂದರೆ ಅಕ್ಕ ಚೀಲ ತುಂಬ ಸೊಪ್ಪು ಕಳಿಸುತ್ತಿದ್ದಳು. ತಂಗಿ ಫೋನಿನಲ್ಲಿ ಹೊಗಳಿ, ಸೊಪ್ಪನ್ನು ಹಾಗೇ ಕಸದ ಬುಟ್ಟಿಗೆ ಸುರಿಯುತ್ತಿದ್ದಳು. ಮೂರು ವರ್ಷದಿಂದ ಇದೇ ನಡೆದಿತ್ತು.

ತಂಗಿ ಹಣ್ಣಿನ ರಸದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದಳು. ಅಲ್ಲಿ ತಗಡಿನ ಡಬ್ಬಿಗಳಿಗೆ ಸೀಸದ ಬೆಸುಗೆ ಹಾಕಿ ತೊಳೆದ ನೀರು ಸೀಸವನ್ನು ಹೊತ್ತುಕೊಂಡು ಹಿಂದಿನ ಕಾಲುವೆಗೆ ಇಳಿಯುತ್ತಿತ್ತು. ತಿಂಗಳಿಗೊಮ್ಮೆ ಆ ನೀರನ್ನು ಬಾಟಲಿಯಲ್ಲಿ ತುಂಬಿ ಸರ್ಕಾರಿ ಪರೀಕ್ಷೆಗೆ ಕಳಿಸಬೇಕು. ಇವಳು ಕ್ಯಾಂಟೀನಿನ ನಲ್ಲಿ ನೀರು ಹಿಡಿದು, ಕೊಳೆಯ ಬಣ್ಣ ಬರಲೆಂದು ಎರಡು ಚಮಚ ಚಹಾ ಬೆರೆಸುತ್ತಿದ್ದಳು. ಎಂಥ ಅಚ್ಚುಕಟ್ಟು! ಮ್ಯಾನೇಜರಿಗಂತೂ ಇವಳೆಂದರೆ ಪಂಚಪ್ರಾಣ. ಕಾಲುವೆಯ ಕೆಳಗಡೆ ಅಕ್ಕ ಅದೇ ನೀರು ಹಾಯಿಸಿ ಸೊಪ್ಪು ಬೆಳೆಯುತ್ತಿದ್ದಳು.

ಆ ಭಾನುವಾರ ಅಕ್ಕ ಆರು ತಿಂಗಳ ಬಸುರಿ ಮಗಳನ್ನು ಕರೆದುಕೊಂಡು ತಾನೇ ಬಂದಳು. ತಂಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಸೊಪ್ಪು ಬೆಂದು ತಟ್ಟೆಗೆ ಬಿದ್ದಿತ್ತು. ಅವಳು ಓಡಿಹೋಗಿ ತನ್ನಿಬ್ಬರು ಮಕ್ಕಳ ತಟ್ಟೆ ಕಿತ್ತುಕೊಂಡಳು. ಸಣ್ಣವನ ಬಾಯಿಗೆ ಬೆರಳು ತೂರಿಸಿ ತುತ್ತು ತೆಗೆದಳು.

"ಏನೇ ಇದು, ಉಪ್ಪು ಜಾಸ್ತಿ ಆಯ್ತಾ?" ಅಕ್ಕ ನಕ್ಕಳು.

"ಅದ್ರಲ್ಲಿ ಸೀಸ ಇದೆ ಅಕ್ಕಾ. ನಮ್ಮ ಫ್ಯಾಕ್ಟರಿ ನೀರಿಂದು."

"ಯಾವಾಗಿಂದ ಗೊತ್ತು ನಿಂಗೆ?"

"ಮೂರು ವರ್ಷ ಆಯ್ತು. ಬಾಯಿ ಬಿಟ್ರೆ ಕೆಲಸ ಹೋಗ್ತಿತ್ತು. ಇವರಪ್ಪ ಹೋದ್ಮೇಲೆ ಈ ಮನೆ ನಾನೊಬ್ಬಳೇ ನಡೆಸ್ತಿಲ್ವಾ? ನೀನು ಸೊಪ್ಪೆಲ್ಲಾ ಮಾರ್ತೀಯ, ತಿನ್ನಲ್ಲ ಅಂದ್ಕೊಂಡಿದ್ದೆ."

"ಮಾರಿದ್ದನ್ನ ತಿನ್ನೋರಿಗೆ ಮಕ್ಕಳಿಲ್ವೇನೇ?"

ತಂಗಿ ಕಿತ್ತುಕೊಂಡ ತಟ್ಟೆಗಳ ಸೊಪ್ಪನ್ನು ಕಸದ ಬುಟ್ಟಿಗೆ ಸುರಿದಳು.

"ನಿನ್ನ ಮಕ್ಕಳ ತಟ್ಟೆ ಎರಡೂ ಕಿತ್ಕೊಂಡೆ," ಎಂದಳು ಅಕ್ಕ, ದನಿ ಏರಿಸದೆ. "ನನ್ನ ಮಗಳ ತಟ್ಟೆ ಇನ್ನೂ ಅಲ್ಲೇ ಇದೆ, ನೋಡು."

ಇತ್ತು. ಅದರಲ್ಲಿ ಎರಡನೇ ಸಲ ಬಡಿಸಿಕೊಂಡ ಸೊಪ್ಪೂ ಮುಗಿಯುತ್ತ ಬಂದಿತ್ತು. ತಂಗಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗನ ನೋಟ್‌ಬುಕ್ಕಿನ ಹಾಳೆ ಹರಿದು, ಕಾಲುವೆಯ ನೀರಲ್ಲಿ ನಿಜಕ್ಕೂ ಎಷ್ಟು ಸೀಸವಿದೆ, ಬಾಟಲಿಗೆ ತಾನು ಏನು ತುಂಬುತ್ತಿದ್ದೆ ಎಂದು ಬರೆದು ಸಹಿ ಹಾಕಿದಳು.

"ತಗೋ ಅಕ್ಕಾ. ಯಾರಿಗೆ ಬೇಕಾದ್ರೂ ತೋರಿಸು."

ಅಕ್ಕ ಕೈ ಚಾಚಲಿಲ್ಲ. "ಮೊದಲು ಅವಳಿಗೆ ಓದಿ ಹೇಳು."

ಹುಡುಗಿ ತಟ್ಟೆ ದೂರ ತಳ್ಳಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. ಓದು ಮುಗಿಯುವವರೆಗೆ ಕೇಳಿಸಿಕೊಂಡಳು.

"ಮಗೂಗೆ ಏನಾಗತ್ತೆ ಚಿಕ್ಕಮ್ಮಾ?"

ಚಿಕ್ಕಮ್ಮನಿಗೆ ಗೊತ್ತಿತ್ತು. ಅವಳ ಮುಂದೆ ಕೂತು, ಒಂದನ್ನೂ ಬಿಡದೆ ಹೇಳಿದಳು.